ದವಡೆಯೊಳಗಿನ ಎರಡು ಬೆರಳು

ಮಧ್ಯಾಹ್ನ ಎರಡು ನಲವತ್ತಕ್ಕೆ ಬಿಸ್ಕತ್ ಪ್ಯಾಕಿಂಗ್ ಮೆಷಿನ್ ತಾನಾಗಿ ನಿಂತಿತು. ಪೊಟ್ಟಣದ ಬಾಯಿ ಮುಚ್ಚುವ ಎರಡು ಬಿಸಿ ಕಬ್ಬಿಣದ ಪಟ್ಟಿಗಳಿಗೆ ನಾವು ದವಡೆ ಎನ್ನುತ್ತಿದ್ದೆವು. ಅಲ್ಲಿ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಮುಂಬಯಿಯ ಚೆಂಬೂರಿನ ಆ ಕಾರ್ಖಾನೆಯಲ್ಲಿ ನಾನು ಬಿಸ್ಕತ್ತಿನ ಗುಣಮಟ್ಟ ನೋಡುವವಳು, ಓದಿದ್ದು ಕೆಮಿಸ್ಟ್ರಿ. ರಿಪೇರಿಗೆ ಬಂದ ಫಿಟ್ಟರ್ ವಿಜಯಪುರದ ಕಡೆಯವರು, ಮನೆಯಲ್ಲಿ ದಖ್ನಿ ಉರ್ದು, ನನ್ನೊಡನೆ ಕನ್ನಡ.

“ಮೇನ್ ಸ್ವಿಚ್ ಬಂದ್ ಮಾಡಲ್ವಾ?” ಎಂದೆ.

“ಬಂದ್ ಮಾಡಿದ್ರ ದವಡಿ ಆರ್ತದ್ರೀ ಮೇಡಂ. ಮತ್ತ ಬಿಸಿ ಆಗಾಕ ಅರ್ಧ ತಾಸು. ಅಷ್ಟ್ರಾಗ ಸೂಪರ್‌ವೈಸರ್ ನನ್ನ ಬೇಯಿಸ್ತಾನ!”

ನಾನೂ ನಕ್ಕೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು.

ಅವರು ದವಡೆಯೊಳಗೆ ಕೈಯಿಟ್ಟು ಅಂಟಿದ್ದ ಪ್ಲಾಸ್ಟಿಕ್ ಚೂರನ್ನು ಎಳೆದರು. ಸೆನ್ಸರ್‌ಗೆ ಅಡ್ಡವಾಗಿ ಮೆಷಿನ್ ನಿಲ್ಲಿಸಿದ್ದೂ ಅದೇ ಚೂರು. ದಾರಿ ತೆರವಾಯಿತೆಂದು ಮೆಷಿನ್ ಮತ್ತೆ ಹೊರಟು ದವಡೆ ಮುಚ್ಚಿತು. ನಾನು ಕೆಂಪು ಗುಂಡಿಯನ್ನು ಹೇಗೆ ಒತ್ತಿದೆನೋ ತಿಳಿಯದು. ಅವರು ಕೂಗಲಿಲ್ಲ. ಕಣ್ಣು ಮುಚ್ಚಿ ಕೇಳಿದರು: “ಮೇಡಂ, ಬೆರಳು ಅದಾವೇನ್ರೀ?”

ನೋಡದೆಯೇ “ಇವೆ” ಎಂದೆ.

ಇದ್ದವು, ಎರಡೂ. ಸುಟ್ಟು, ಸೀಳಿ, ಆದರೆ ಕೈಯಲ್ಲೇ. ಹೊಲಿಗೆ ಹಾಕಿದ ಡಾಕ್ಟರು, ಮತ್ತೆ ಮಡಚುತ್ತವೆಯೇ ಎಂಬುದನ್ನು ಕೆಲವು ವಾರ ಬಿಟ್ಟೇ ಹೇಳಬೇಕು ಎಂದರು. ಬಲಗೈ. ಸ್ಪ್ಯಾನರ್ ಹಿಡಿಯಲಾಗದ ಫಿಟ್ಟರ್‌ಗೆ ಯಾವ ಕೆಲಸವಿದೆ? ಅಂದಿನಿಂದ ನನಗೆ ದಿನವೂ ರಾತ್ರಿ ಮೂರರ ಹೊತ್ತಿಗೆ ಎಚ್ಚರ. ದವಡೆ ಮುಚ್ಚುವ ಸದ್ದಿಗಿಂತ ಹೆಚ್ಚಾಗಿ ಕೇಳುತ್ತಿದ್ದುದು ನನ್ನದೇ ನಗು. ಈಗಲೂ ಒಮ್ಮೊಮ್ಮೆ, ಲೋಕಲ್ ರೈಲಿನ ಬಾಗಿಲಲ್ಲಿ ನಿಂತಾಗ, ಅದೆಲ್ಲ ಕಣ್ಣ ಮುಂದೆ ಮೊದಲಿನಿಂದ ನಡೆಯುತ್ತದೆ.

ಏಳು ವಾರದ ಮೇಲೆ ಅವರು ಮರಳಿ ಕೆಲಸಕ್ಕೆ ಬಂದರು. ಅಷ್ಟರಲ್ಲಿ ಹೊಸ ನಿಯಮ ಬಂದಿತ್ತು: ಒಳಗೆ ಕೈಯಿಡುವವರು ಮೇನ್ ಬಂದ್ ಮಾಡಿ, ತಮ್ಮದೇ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಅಂದೂ ಪ್ಲಾಸ್ಟಿಕ್ ಅಂಟಿತು. ಬೀಗ ಬಿತ್ತು. ಸೂಪರ್‌ವೈಸರ್ ಗಡಿಯಾರ ನೋಡಿ ನಿಟ್ಟುಸಿರಿಟ್ಟ.

“ಬೈಠೋ ಸಾಬ್, ಚಾಯ್ ಪೀಯೋ,” ಎಂದರು ಫಿಟ್ಟರ್.

ದವಡೆ ಮತ್ತೆ ಕಾಯುವವರೆಗೆ ಎಲ್ಲರೂ ಚಹಾ ಕುಡಿದೆವು. ಅವರು ಗ್ಲಾಸನ್ನು ಬಲಗೈಗೆ ಬದಲಿಸಿಕೊಂಡು ನನ್ನತ್ತ ಎತ್ತಿದರು.

“ನೋಡ್ರೀ, ಮಡಚ್ತಾವ. ಸ್ಪ್ಯಾನರೂ ಹಿಡದೇನಿ. ಸೂಜಿಗೆ ದಾರ ಮಾತ್ರ ನಮ್ಮಾಕಿನೇ ಪೋಣಿಸ್ಬೇಕು.”

“ಮೊದಲು ನೀವು ಪೋಣಿಸ್ತಿದ್ರಾ?”

“ಎಲ್ಲೀದ್ರೀ!”

ಅಂದು ಮನೆಗೆ ಹೋಗಿ ಉಂಡು ಮಲಗಿದವಳನ್ನು ಎಬ್ಬಿಸಿದ್ದು ಬೆಳಗ್ಗೆ ಹಾಲಿನವನ ಬೆಲ್.