ಎತ್ತಿ ಕುಡಿದ ಪೇಲ್ ಏಲ್

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಕಾಫಿಪುಡಿ ಅಂಗಡಿ ಇಟ್ಟಿರುವ ಪಾಲಾಕ್ಷಪ್ಪನವರ ಮೂಗಿನ ಬಗ್ಗೆ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, ನಿಮ್ಮನ್ನು ನಿಲ್ಲಿಸಿಕೊಂಡು ಅರ್ಧ ಗಂಟೆ ಕೊರೆಯುತ್ತಾರೆ. ಅಂಗಡಿಯ ಹಿಂದೆ ಬೀಜ ಹುರಿಯುವ ಯಂತ್ರ ಗರಗರ ತಿರುಗುತ್ತಿರುತ್ತದೆ. ಇವರು ಮುಂದೆ ಕೂತು ಪೇಪರು ಓದುತ್ತಿರುತ್ತಾರೆ. ಇದ್ದಕ್ಕಿದ್ದ ಹಾಗೆ, ಪೇಪರಿನಿಂದ ಕಣ್ಣೂ ಎತ್ತದೆ, “ಇಳಿಸ್ರಪ್ಪಾ” ಎನ್ನುತ್ತಾರೆ. ಇಳಿಸಿದರೆ ಬೀಜ ಸರಿಯಾದ ಹದಕ್ಕೆ ಬಂದಿರುತ್ತದೆ. ಆಮೇಲೆ ಎದ್ದು ಹೋಗಿ ಬೊಗಸೆ ತುಂಬ ಬೀಜ ತೆಗೆದುಕೊಂಡು, ಮುಖವನ್ನೇ ಅದರೊಳಗೆ ಹುದುಗಿಸಿ, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಗಿರಾಕಿ ಕೂಗಿದರೂ ಕೇಳಿಸುವುದಿಲ್ಲ, ಹೆಂಡತಿ ಕೂಗಿದರಂತೂ ಕೇಳಿಸುವುದೇ ಇಲ್ಲ.

ಅಷ್ಟು ಹೆಸರಿದ್ದ ಮೇಲೆ ಕೊಂಚ ಗತ್ತೂ ಇರುತ್ತದಲ್ಲ. ಪಾಲಾಕ್ಷಪ್ಪ ಒಂದು ಪುಡಿಯನ್ನು ಚೆನ್ನಾಗಿಲ್ಲ ಎಂದರೆ ಮುಗಿಯಿತು, ಅದು ಆ ಜನ್ಮಕ್ಕೆ ಚೆನ್ನಾಗಿಲ್ಲ. ಆಡಿದ ಮಾತನ್ನು ವಾಪಸ್ ತೆಗೆದುಕೊಂಡಿದ್ದನ್ನು ಕಂಡವರಿಲ್ಲ. “ನಮ್ಮನೆಯೋರ ಬಾಯಲ್ಲಿ ‘ಗೊತ್ತಿಲ್ಲ’ ಅನ್ನೋ ಮಾತು ಬಂದ್ರೆ ಅವತ್ತು ಪಾಯಸ ಮಾಡ್ತೀನಿ” ಎಂದು ಹೆಂಡತಿ ಶಿವಗಂಗಮ್ಮ ಓಣಿಯ ಹೆಂಗಸರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದರು.

ಇವರ ಇನ್ನೊಂದು ರೂಢಿಯನ್ನೂ ಇಲ್ಲೇ ಹೇಳಿಬಿಡಬೇಕು. ಪಾಲಾಕ್ಷಪ್ಪ ಲೋಟಕ್ಕೆ ತುಟಿ ತಾಗಿಸುವವರಲ್ಲ. ನೀರಾಗಲಿ, ಮಜ್ಜಿಗೆಯಾಗಲಿ, ಹೊಗೆಯಾಡುವ ಕಾಫಿಯೇ ಆಗಲಿ, ತಲೆ ಹಿಂದಕ್ಕೆ ಬಾಗಿಸಿ, ಲೋಟವನ್ನು ಬಾಯಿಯ ಮೇಲೆ ಎತ್ತಿ ಹಿಡಿದು, ಒಂದು ಹನಿ ಆಚೆ ಈಚೆ ಹೋಗದಂತೆ ಗಂಟಲಿಗೆ ಸುರಿದುಕೊಳ್ಳುತ್ತಿದ್ದರು. ಅವರ ಅಪ್ಪನೂ ಹಾಗೇ, ತಾತನೂ ಹಾಗೇ. ತುಟಿ ತಾಗಿದರೆ ಎಂಜಲು. ಎಂಜಲು ಲೋಟದಲ್ಲಿ ಕುಡಿಯುವವರನ್ನು ಕಂಡರೆ ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ, ಮುಖ ಮಾತ್ರ ಆ ಕಡೆ ತಿರುಗಿಸುತ್ತಿದ್ದರು.

ಪಕ್ಕದ ಮನೆಯ ರೂಪಶ್ರೀ ಚಿಕ್ಕಂದಿನಲ್ಲಿ ಇವರ ಅಂಗಡಿಯ ಕಟ್ಟೆಯ ಮೇಲೇ ಬೆಳೆದವಳು. ಓದು ಮುಗಿಸಿ, ಗೋವಾದಲ್ಲಿ ಬೀರು ತಯಾರಿಸುವ ಕೆಲಸ ಕಲಿತು, ಈಗ ಹಾಸನದಾಚೆ ಶಾಂತಿಗ್ರಾಮದ ಕಡೆ ಹೋಗುವ ರಸ್ತೆಯಲ್ಲಿ ರಜನೀಶ್ ಎಂಬುವರು ಹೊಸದಾಗಿ ಕಟ್ಟಿಸಿದ ಹೋಟೆಲಿನಲ್ಲಿ ಬೀರು ಕಾಯಿಸುತ್ತಿದ್ದಳು. ಒಂದು ದಿನ ಅಂಗಡಿಗೆ ಬಂದವಳೇ, “ದೊಡ್ಡಪ್ಪ, ನೀವು ಬಂದು ನನ್ನ ಬೀರು ನೋಡ್ಬೇಕು” ಎಂದಳು.

“ಅಯ್ಯಯ್ಯೋ, ಮೆಲ್ಲಗೆ ಮಾತಾಡವ್ವಾ, ಗಿರಾಕಿಗಳವ್ರೆ” ಎಂದು ಪಾಲಾಕ್ಷಪ್ಪ ಆ ಕಡೆ ಈ ಕಡೆ ನೋಡಿದರು. ಅವರ ಮನೆಯಲ್ಲಿ ಯಾರೂ ಕುಡಿದವರಲ್ಲ.

ರೂಪಶ್ರೀ ಗಲ್ಲಾಪೆಟ್ಟಿಗೆಗೆ ಒರಗಿಕೊಂಡು ವಿಷಯ ಬಿಡಿಸಿ ಹೇಳಿದಳು. ಅವಳು ಪೇಲ್ ಏಲ್ ಎಂಬ ಬೀರು ಮಾಡಿದ್ದಾಳೆ. ಯಾವ ಊರಿನದನ್ನೂ ನೋಡಿ ಮಾಡಿದ್ದಲ್ಲ, ತನ್ನದೇ ಲೆಕ್ಕ, ತನ್ನದೇ ಹದ. ರಜನೀಶ್‌ಗೆ ಅದು ಹಿಡಿಸಿಲ್ಲ. ಈ ಕಡೆ ಜನ ಕಹಿ ಕುಡಿಯುವುದಿಲ್ಲ, ನೀನು ಗೋಧಿಯಿಂದ ಮಾಡುವ ಬೀರು ಸಿಹಿಯಾಗಿದೆ, ಅದೊಂದನ್ನೇ ಮಾಡು ಎನ್ನುತ್ತಾರೆ. ಕೊನೆಗೆ ಒಂದು ಒಪ್ಪಂದವಾಗಿದೆ. ಈ ಜಿಲ್ಲೆಯ, ನಾಲಿಗೆ ನೆಟ್ಟಗಿರುವ ಮೂರು ಜನ ಬಂದು ರುಚಿ ನೋಡಬೇಕು. ಅವರು ಬೇಡವೆಂದರೆ ಪೇಲ್ ಏಲ್ ಅಲ್ಲಿಗೆ ಬಂದ್.

“ಬಂದಾದ್ರೆ ನಾನು ಗೋವಾಕ್ಕೇ ವಾಪಸ್ ಓಯ್ತೀನಿ ದೊಡ್ಡಪ್ಪ. ಬೇರೆಯೋರು ಹೇಳ್ದಂಗೆ ಕಾಯ್ಸೋಕೆ ನಾನು ಊರಿಗೆ ಬರಬೇಕಾಗಿತ್ತಾ?”

ಹುಡುಗಿಯ ಕಣ್ಣು ನೋಡಿ ಪಾಲಾಕ್ಷಪ್ಪನಿಗೆ ಇಲ್ಲ ಎನ್ನಲಾಗಲಿಲ್ಲ. ಆದರೂ ಹೆಂಡತಿಯಿದ್ದ ಒಳಮನೆಯ ಕಡೆ ನೋಡಿದರು. ಶಿವಗಂಗಮ್ಮ ಒಳಗಿನಿಂದಲೇ, “ನಮ್ಮ ಮಗು ಕರೀತಾಳೆ, ಓಗಿ ಬನ್ನಿ. ನಾಲ್ಗೆ ಮ್ಯಾಲೆ ಅಷ್ಟೇ ಬುಟ್ಕಳ್ಳಿ, ಒಟ್ಟೆಗೆ ಬ್ಯಾಡ. ಬಂದು ಸ್ನಾನ ಮಾಡಿ” ಎಂದು ತೀರ್ಪು ಕೊಟ್ಟರು.

ಹೇಳಿದ ದಿನ ಪಾಲಾಕ್ಷಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಾಸನದ ಬಸ್ಸು ಹತ್ತಿದರು. ರೂಪಶ್ರೀ ಬಸ್‌ಸ್ಟ್ಯಾಂಡಿನಿಂದ ತನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋದಳು. ಬೀರು ಕಾಯಿಸುವ ಮನೆಯೊಳಗೆ ಕಾಲಿಟ್ಟವರು ಬಾಗಿಲಲ್ಲೇ ನಿಂತುಬಿಟ್ಟರು. ಸೂರು ಮುಟ್ಟುವ ಸ್ಟೀಲ್ ಟ್ಯಾಂಕುಗಳು ಸಾಲಾಗಿ ನಿಂತು ಥಳಥಳ ಹೊಳೆಯುತ್ತಿದ್ದವು. ಹುರಿಹಿಟ್ಟಿಗೆ ಬಿಸಿನೀರು ಹಾಕಿದಾಗ ಏಳುವಂಥ ಘಮ ಮನೆಯೆಲ್ಲ ತುಂಬಿತ್ತು. “ಇಷ್ಟನ್ನೂ ಒಬ್ಳೇ ನೋಡ್ಕತೀಯಾ?” ಎಂದು ಕೇಳಿದರು. ಅವಳು ಹೂಂ ಎಂದಾಗ, ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದ ಲಂಗದ ಹುಡುಗಿ ಇವಳೇನಾ ಎಂದು ಅವರಿಗೆ ನಂಬಿಕೆಯೇ ಆಗಲಿಲ್ಲ.

ಇನ್ನಿಬ್ಬರು ಆಗಲೇ ಬಂದು ಕೂತಿದ್ದರು. ಚನ್ನರಾಯಪಟ್ಟಣದಲ್ಲಿ ಊಟದ ಹೋಟೆಲ್ ನಡೆಸುವ ಮೋಹನ್‌ಕುಮಾರ್ ಒಬ್ಬರು. ಕೊಣನೂರಿನ ಕಡೆ ಹೊಗೆಸೊಪ್ಪು ಬೆಳೆಯುವ ಕೃಷ್ಣಪ್ಪ ಇನ್ನೊಬ್ಬರು. ಇಬ್ಬರೂ ಪಾಲಾಕ್ಷಪ್ಪನ ಹೆಸರು ಕೇಳಿದವರೇ. ಎದ್ದು ಕೈಮುಗಿದು ನಡುವಿನ ಕುರ್ಚಿ ಬಿಟ್ಟುಕೊಟ್ಟರು.

ಮೇಜಿನ ಮೇಲೆ ರೂಪಶ್ರೀ ಮೂವರಿಗೂ ಬೇರೆ ಬೇರೆ ಲೋಟಗಳನ್ನು ಜೋಡಿಸಿಟ್ಟಿದ್ದಳು. ಹೊಟ್ಟೆ ಅಗಲ, ಬಾಯಿ ಕಿರಿದಾದ ಗಾಜಿನ ಲೋಟಗಳು. ಪಾಲಾಕ್ಷಪ್ಪ ಅದನ್ನು ನೋಡಿದ್ದೇ, “ಇಷ್ಟೊಂದು ಯಾಕವ್ವಾ, ತೊಳೆಯೋರ್ಯಾರು? ಒಂದೊಂದು ಥರಕ್ಕೆ ಒಂದೊಂದು ಲೋಟ ಸಾಕು. ಮೂರು ಜನಾನೂ ಎತ್ಕೊಂಡು ಕುಡುದ್ರಾಯ್ತು” ಎಂದರು.

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ರಜನೀಶ್, “ಯಜಮಾನ್ರು ಹೇಳ್ದಂಗೇ ಆಗ್ಲಿ” ಎಂದು ಉಳಿದ ಲೋಟಗಳನ್ನು ಪಕ್ಕಕ್ಕೆ ಸರಿಸಿಬಿಟ್ಟರು.

ಮೊದಲು ಗೋಧಿಯ ಬೀರು ಬಂತು. ಪಾಲಾಕ್ಷಪ್ಪ ತಲೆ ಬಾಗಿಸಿ, ಲೋಟ ಎತ್ತಿ, ನಾಲಿಗೆಯ ಮೇಲೆ ಒಂದು ಗುಟುಕು ಬಿಟ್ಟುಕೊಂಡು, ಹೆಂಡತಿಯ ಮಾತಿನಂತೆ ಪಕ್ಕದ ಬೋಗುಣಿಗೆ ಉಗಿದರು. ಲೋಟ ಮೋಹನ್‌ಕುಮಾರ್ ಕೈಗೆ ಹೋಯಿತು. ದೊಡ್ಡವರು ಎತ್ತಿ ಕುಡಿದ ಲೋಟಕ್ಕೆ ತಾವು ತುಟಿ ಇಡಲಾದೀತೇ? ಅವರೂ ಎತ್ತಿದರು, ಕೃಷ್ಣಪ್ಪನವರೂ ಎತ್ತಿದರು. “ಪರವಾಗಿಲ್ಲ, ಬಾಳೆಹಣ್ಣಿನ ರಸಾಯನ ಇದ್ದಂಗದೆ” ಎಂದರು ಪಾಲಾಕ್ಷಪ್ಪ. ಮಿಕ್ಕವರು ತಲೆಯಾಡಿಸಿದರು.

ಆಮೇಲೆ ಪೇಲ್ ಏಲ್ ಬಂತು. ಬೆಳಕಿಗೆ ಹಿಡಿದರೆ ಹೊಸ ಜೇನಿನ ಬಣ್ಣ, ಮೇಲೆ ದಪ್ಪ ನೊರೆ. ಪಾಲಾಕ್ಷಪ್ಪ ಅದನ್ನೂ ಎತ್ತಿ ಸುರಿದುಕೊಂಡರು. ಅಷ್ಟು ಮೇಲಿಂದ ಬಿದ್ದ ಬೀರು ಬಾಯಲ್ಲಿ ಬುಸ್ಸೆಂದು ಉಕ್ಕಿ, ನೊರೆ ಮೂಗಿಗೆ ಏರಿ, ಇಸ್ತ್ರಿ ಅಂಗಿಯ ಮೇಲೆಲ್ಲ ಇಳಿಯಿತು. ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು, “ಥೂ, ಬೇವಿನ ಕಷಾಯ!” ಎಂದರು. ಮೋಹನ್‌ಕುಮಾರ್ ಮೀಸೆಗೆ ನೊರೆ ಮೆತ್ತಿಕೊಂಡಿತು. ಕೃಷ್ಣಪ್ಪ ಗುಟುಕರಿಸಿ ಬಿಕ್ಕಳಿಸಿದರು.

“ಘಮ ಹೆಂಗೈತೆ?” ಎಂದು ರಜನೀಶ್ ಕೇಳಿದರು.

“ಘಮ ಎಲ್ಲೈತಪ್ಪಾ? ಬರೀ ಕಹಿ” ಎಂದುಬಿಟ್ಟರು ಪಾಲಾಕ್ಷಪ್ಪ. ಅವರು ಅಂದ ಮೇಲೆ ಮಿಕ್ಕವರದ್ದು ಬೇರೆ ಮಾತೇನು? “ಹೌದು, ಕಹೀನೇ” ಎಂದರು ಇಬ್ಬರೂ. ರಜನೀಶ್ ರೂಪಶ್ರೀಯ ಕಡೆ ತಿರುಗಿ, “ಕೇಳಿದ್ಯಲ್ಲಮ್ಮಾ, ಇನ್ನು ಆ ಟ್ಯಾಂಕ್ ಖಾಲಿ ಮಾಡ್ಸು. ನಾಳೆಯಿಂದ ಗೋಧೀದು ಹಾಕು” ಎಂದು ಹೇಳಿ, ಅತಿಥಿಗಳಿಗೆ ಊಟದ ಏರ್ಪಾಟು ನೋಡಲು ಆಚೆಗೆ ಹೋದರು. ಮೋಹನ್‌ಕುಮಾರ್, ಕೃಷ್ಣಪ್ಪ ಇಬ್ಬರೂ ಕೈ ತೊಳೆಯಲು ಎದ್ದರು.

ಪಾಲಾಕ್ಷಪ್ಪ ಕರ್ಚೀಫಿನಿಂದ ಅಂಗಿ ಒರೆಸಿಕೊಳ್ಳುತ್ತ ಕೂತಿದ್ದರು. ಹುಡುಗಿಗೆ ಬೇಜಾರಾಯಿತು ನಿಜ, ಆದರೆ ಇದ್ದದ್ದು ಇದ್ದ ಹಾಗೆ ಹೇಳದೆ ಇರುವುದು ಹೇಗೆ? ತಲೆ ಎತ್ತಿ ನೋಡಿದರು. ರೂಪಶ್ರೀ ಟ್ಯಾಂಕಿನ ಬುಡದಲ್ಲಿ ನಿಂತು ತನ್ನದೊಂದು ಲೋಟ ಹಿಡಿದುಕೊಂಡಿದ್ದಳು. ಅದನ್ನು ಮೆಲ್ಲಗೆ ಸುತ್ತ ಆಡಿಸಿ, ಮುಖವನ್ನೇ ಲೋಟದ ಬಾಯಿಗೆ ಇಟ್ಟು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡಳು. ಆಮೇಲೆ ತುಟಿ ಇಟ್ಟು ಒಂದು ಗುಟುಕು ಕುಡಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಪಾಲಾಕ್ಷಪ್ಪನ ಕೈ ಅಂಗಿಯ ಮೇಲೆ ಹಾಗೇ ನಿಂತಿತು. ಇದು ಅವರದೇ ಭಂಗಿ. ಬೊಗಸೆಯ ಬೀಜದೊಳಗೆ ಮುಖ ಹುದುಗಿಸುವಾಗ ತಾವು ಹೇಗೆ ಕಣ್ಣು ಮುಚ್ಚುತ್ತಾರೋ ಹಾಗೇ ಈ ಹುಡುಗಿ ಕಣ್ಣು ಮುಚ್ಚಿದ್ದಳು.

“ಏನವ್ವಾ ಮೂಸ್ತಾ ಇದ್ದೀಯಾ?”

“ಇರೋದೇ ಅದು ದೊಡ್ಡಪ್ಪ. ಹಾಪ್ಸ್ ಅಂತ ಒಂದು ಹೂವು. ಕುದಿಯೋವಾಗ ಹಾಕಿದ್ರೆ ಕಹಿ ಕೊಡುತ್ತೆ. ನಾನು ಎಲ್ಲಾ ತಣ್ಣಗಾದ್ಮೇಲೆ ಇನ್ನೊಂದ್ಸಲ ಹಾಕಿದ್ದೀನಿ, ಸಾರಿಗೆ ಕೊನೇಲಿ ಕೊತ್ತಂಬರಿ ಸೊಪ್ಪು ಹಾಕ್ದಂಗೆ. ಬರೀ ಘಮಕ್ಕೆ. ಮೂಗು ಲೋಟದೊಳಗೆ ಇದ್ರೇನೇ ಅದು ಸಿಗೋದು.”

“ಮತ್ತೆ ನಮಗ್ಯಾಕೆ ಹೇಳ್ಲಿಲ್ಲ?”

ರೂಪಶ್ರೀಗೆ ಅಳುವಿನ ನಡುವೆಯೂ ಸಿಟ್ಟು ಬಂತು. “ಹೆಂಗೆ ಹೇಳ್ಲಿ? ನಿಮಗೆ ಎಂಜಲು ಮಾಡ್ಕೊಂಡು ಕುಡೀರಿ ಅಂತ ನನ್ನ ಬಾಯಲ್ಲಿ ಹೆಂಗೆ ಹೇಳ್ಲಿ ದೊಡ್ಡಪ್ಪ?”

ಪಾಲಾಕ್ಷಪ್ಪ ಎದ್ದರು. ಅವಳ ಹತ್ತಿರ ಹೋಗಿ ಕೈ ಚಾಚಿದರು. “ತಡೀರಿ, ಬೇರೆ ಲೋಟ ತತ್ತೀನಿ, ಇದು ನನ್ನ ಎಂಜಲು” ಎಂದು ಅವಳು ಗಾಬರಿಯಿಂದ ಹಿಂದಕ್ಕೆ ಸರಿದಳು. ಅವರು ಲೋಟವನ್ನು ಅವಳ ಕೈಯಿಂದ ಬಿಡಿಸಿಕೊಂಡು, ಅದರ ಬಾಯಿಗೆ ಮೂಗು ಇಟ್ಟರು.

ಶಿವಶಿವಾ!

ಮೊದಲು ಕಿತ್ತಳೆ ಸಿಪ್ಪೆ. ಸುಲಿಯುವಾಗ ಕಣ್ಣಿಗೆ ಚಿಮ್ಮುತ್ತದಲ್ಲ, ಆ ಎಣ್ಣೆಯ ಘಮ. ಅದರ ಹಿಂದೆ ಮಾವಿನಕಾಯಿಯ ತೊಟ್ಟು ಮುರಿದಾಗ ಬರುವ ಸೊನೆಯ ವಾಸನೆ. ಇನ್ನೊಂದು ಉಸಿರು ಎಳೆದರೆ ಅವೆರಡೂ ಹೋಗಿ ಆಗಷ್ಟೇ ಕೊಯ್ದ ಹಸಿ ಹುಲ್ಲು. ಹೂವು, ಯಾವ ಹೂವೆಂದು ಗೊತ್ತಾಗದು, ಆದರೆ ಹೂವೇ. ಇಷ್ಟು ವರ್ಷ ಲೋಕದ ವಾಸನೆಗಳಿಗೆಲ್ಲ ಹೆಸರಿಟ್ಟುಕೊಂಡು ಕೂತಿದ್ದ ಮೂಗಿಗೆ ಹೆಸರೇ ಸಿಗಲಿಲ್ಲ. ಪಾಲಾಕ್ಷಪ್ಪನ ರೋಮ ನಿಮಿರಿ ನಿಂತಿತು. ನೀರು, ಮೊಳಕೆ ಬರಿಸಿದ ಕಾಳು, ಒಂದು ಹೂವು, ಇಷ್ಟರಲ್ಲಿ ಈ ಹುಡುಗಿ ಇದನ್ನೆಲ್ಲ ಎಲ್ಲಿಂದ ತಂದಳು? ಇದು ಕೈಕೆಲಸವೋ, ದೇವರ ಕೆಲಸವೋ?

ಆಮೇಲೆ ಅವಳು ತುಟಿ ಇಟ್ಟ ಕಡೆಯೇ ತುಟಿ ಇಟ್ಟು ಕುಡಿದರು. ಈ ಸಲ ಉಗಿಯಲಿಲ್ಲ. ಕಹಿ ಈಗಲೂ ಇತ್ತು. ಆದರೆ ಆ ಘಮದ ಹಿಂದೆ ಬಂದ ಕಹಿ ನಾಲಿಗೆಯ ಮೇಲೆ ಮೆಲ್ಲಗೆ ನಡೆದುಹೋಗಿ, ಗಂಟಲನ್ನು ಚೊಕ್ಕಟ ಮಾಡಿ, ಇನ್ನೊಂದು ಗುಟುಕು ಕೊಡು ಎನ್ನುತ್ತಿತ್ತು. ಅವರ ಕಣ್ಣು ತುಂಬಿ ಬಂತು. ಎಂಥ ವಸ್ತುವನ್ನು ಚರಂಡಿಗೆ ಸುರಿಸಿಬಿಡುತ್ತಿದ್ದೆನಲ್ಲ ಎಂದುಕೊಂಡರು.

“ರಜನೀಶಪ್ಪಾ!” ಎಂದು ಕೂಗಿದ ಕೂಗಿಗೆ ಆಚೆಯಿದ್ದವರೆಲ್ಲ ಓಡಿಬಂದರು. ಏನಾಯಿತೋ ಏನೋ ಎಂದು ಮೋಹನ್‌ಕುಮಾರ್ ಒದ್ದೆ ಕೈಯಲ್ಲೇ ಬಂದರು.

“ಆ ಟ್ಯಾಂಕ್ ಮುಟ್ಟಬೇಡಿ. ನಾನು ಹೇಳಿದ್ದು ತಪ್ಪು” ಎಂದರು ಪಾಲಾಕ್ಷಪ್ಪ.

ರಜನೀಶ್ ನಕ್ಕರು. “ಈಗ ತಾನೆ ಬೇವಿನ ಕಷಾಯ ಅಂದ್ರಲ್ಲಾ ಯಜಮಾನ್ರೇ? ಹುಡುಗಿ ಅತ್ಲು ಅಂತ ಮಾತು ಬದಲಾಯ್ಸಿದ್ರೆ ಹೆಂಗೆ?”

“ಅವಳು ಅತ್ತಿದ್ದಕ್ಕಲ್ಲ ಕಣಪ್ಪಾ. ನಾನು ಎತ್ತಿ ಕುಡುದೆ, ಮೂಗು ಆಚೇಲೇ ಉಳ್ಕಂಬುಡ್ತು. ನನ್ನ ನೋಡಿ ಈ ಇಬ್ಬರೂ ಎತ್ತಿದ್ರು. ಮೂರು ಜನ ಸೇರಿ ಕುರುಡರು ಸೀರೆ ಬಣ್ಣ ಹೇಳ್ದಂಗೆ ಹೇಳಿದ್ವಿ. ಲೋಟ ತತ್ತವ್ವಾ ರೂಪ, ಬೇರೆ ಬೇರೆ ತತ್ತಾ.”

ಮೂವರಿಗೂ ಬೇರೆ ಬೇರೆ ಲೋಟ ಬಂದವು. “ಕುಡೀಬ್ಯಾಡಿ, ಮೊದ್ಲು ಮೂಗಿಕ್ಕಿ” ಎಂದು ಪಾಲಾಕ್ಷಪ್ಪ ಗದರಿದರು. ಕೃಷ್ಣಪ್ಪ ಮೂಗಿಟ್ಟರು, ಇಟ್ಟವರು ತೆಗೆಯಲಿಲ್ಲ. ಬಹಳ ಹೊತ್ತಾದ ಮೇಲೆ, “ಅಯ್ಯೋ ನಮ್ಮಪ್ಪನೇ, ಏನ್ಲಾ ಇದು!” ಎಂದು ಯಾರಿಗೋ ಹೇಳಿದಂತೆ ಹೇಳಿದರು. ಮೋಹನ್‌ಕುಮಾರ್ ಲೋಟ ಖಾಲಿ ಮಾಡಿ ಮುಂದಕ್ಕೆ ಚಾಚಿದರು. ಕೊನೆಗೆ ರಜನೀಶ್ ತಾವೂ ಒಂದು ಲೋಟ ತೆಗೆದುಕೊಂಡರು. ಹೋಟೆಲಿನ ಗದ್ದಲದಲ್ಲಿ ನಿಂತುಕೊಂಡೇ ಗುಟುಕರಿಸಿ ತೀರ್ಮಾನ ಮಾಡಿದ್ದ ಮನುಷ್ಯ, ಕೂತು ಮೂಸಿದ್ದು ಅದೇ ಮೊದಲು.

“ಸರಿ ಕಣಮ್ಮಾ, ಇರ್ಲಿ ನಿನ್ನ ಬೀರು” ಎಂದರು ಕೊನೆಗೆ. “ಆದ್ರೆ ಯಜಮಾನ್ರು ತೀರ್ಪು ಸರಿಯಾಗಿ ಹೇಳ್ಲಿ. ಏನು ಚೆಂದ, ಏನು ಕೊರತೆ, ಎಲ್ಲಾ ಹೇಳ್ಲಿ.”

ರೂಪಶ್ರೀ ಮೂಗೊರೆಸಿಕೊಂಡು ಮುಂದೆ ಬಂದಳು. “ಹೌದು ದೊಡ್ಡಪ್ಪ, ಕೊರತೆ ಇದ್ರೆ ಹೇಳಿ, ಸರಿ ಮಾಡ್ತೀನಿ.”

ಎಲ್ಲರೂ ಪಾಲಾಕ್ಷಪ್ಪನ ಮುಖ ನೋಡಿದರು. ಅವರು ಲೋಟದೊಳಗೆ ಇನ್ನೊಮ್ಮೆ ಮೂಗಿಟ್ಟು ತಲೆ ಎತ್ತಿದರು.

“ನಂಗೆ ಗೊತ್ತಿಲ್ಲ ಕಣವ್ವಾ” ಎಂದರು. “ಇದನ್ನ ಹೆಂಗೆ ನೋಡೋದು ಅಂತ ನೀನೇ ಮೊದ್ಲಿಂದ ಹೇಳ್ಕೊಡು.”

ಹಾಗೆಂದು ನಡುವಿನ ಕುರ್ಚಿ ಬಿಟ್ಟು, ಟ್ಯಾಂಕಿನ ಬುಡದಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತರು. ರೂಪಶ್ರೀ ಕಣ್ಣೊರೆಸಿಕೊಂಡು, ನಲ್ಲಿ ತಿರುಗಿಸಿ, “ಮೊದ್ಲು ನೊರೆ ನೋಡ್ಬೇಕು ದೊಡ್ಡಪ್ಪ” ಎಂದು ಶುರು ಮಾಡಿದಳು.