ಕಪ್ಪುಬಿಳುಪು ಟೀವಿಯ ಹಸಿರು

ಹಳೆಯ ಟೀವಿ ಬಿಸಿಯಾದಾಗ ಧೂಳು ಸುಟ್ಟ ವಾಸನೆ ಬರುತ್ತಿತ್ತು, ನಿಮಗೂ ನೆನಪಿರಬಹುದು. ಅವ್ವ ಹೋದ ಮೇಲೆ ಅಮೆರಿಕದ ಹೋಬೋಕನ್ನಿನ ಮನೆ ಖಾಲಿ ಮಾಡುವಾಗ, ನಮ್ಮ ಕಪ್ಪುಬಿಳುಪು ಟೀವಿಯನ್ನು ಕೊನೆಯ ಸಲ ಹಾಕಿ ನೋಡಿದೆ. ಚಿತ್ರ ಬರಲಿಲ್ಲ, ವಾಸನೆ ಬಂತು. ಎರಡು ದಿನ ಸಾಮಾನು ಹೊತ್ತು ಹೈರಾಣಾಗಿದ್ದ ನಾನು ಅದರ ಮುಂದೆಯೇ ಕುಳಿತುಬಿಟ್ಟೆ.

ಎಪ್ಪತ್ತರ ದಶಕದಲ್ಲಿ, ನನಗೆ ಎಂಟು ವರ್ಷವಿದ್ದಾಗ, ಭಾನುವಾರ ಸಂಜೆ ಅದರಲ್ಲಿ ಬ್ರಿಟಿಷರ ವೈಜ್ಞಾನಿಕ ಕಟ್ಟುಕತೆಯ ಧಾರಾವಾಹಿಗಳು ಬರುತ್ತಿದ್ದವು. ಅವನ್ನು ನೋಡಿ ನಾನೊಂದು ಮಹಾನಿಯಮ ಕಂಡುಹಿಡಿದಿದ್ದೆ. ಅನ್ಯಗ್ರಹದ ಪ್ರಾಣಿ ಲಂಡನ್ನಿನ ಗಟಾರದಿಂದ ಎದ್ದರೆ ಚಿಂತೆಯಿಲ್ಲ. ಸೈರನ್ ಕೂಗುತ್ತದೆ, ಜೀಪಿನಲ್ಲಿ ಸೈನಿಕರು ಬರುತ್ತಾರೆ. ಹಳ್ಳಿಗೆ ಬಂದರೆ ಮುಗಿಯಿತು. ಫೋನಿನ ತಂತಿ ಕಡಿದಿರುತ್ತದೆ, ಚಹಾ ಕೊಡುವ ಮುದುಕಿಯ ಮೈಯಲ್ಲಿ ಅದು ಆಗಲೇ ಹೊಕ್ಕಿರುತ್ತದೆ. ಗುರುತು: ವಿಪರೀತ ನಗು, ಕೈಗೆ ಸುತ್ತಿದ ಬಟ್ಟೆ. ಹೀಗಾಗಿ ನಾಲ್ಕನೇ ಮಹಡಿಯ ನಮ್ಮ ಎರಡು ಕೋಣೆ, ಕೆಳಗಿನ ಟ್ರಕ್ಕುಗಳ ಗದ್ದಲ ನನ್ನ ಪಾಲಿಗೆ ಭದ್ರ ಕೋಟೆ.

ಧಾರವಾಡದಲ್ಲಿ ಬೆಳೆದ ಅವ್ವನಿಗೆ ಆ ಕೋಣೆಗಳಲ್ಲಿ ಉಸಿರು ಕಟ್ಟುತ್ತಿತ್ತು. ಕಿಟಕಿಯಾಚೆಯ ಕಬ್ಬಿಣದ ಮೆಟ್ಟಿಲ ಮೇಲೆ, ಕಾಫಿ ಡಬ್ಬಿಯಲ್ಲಿ ಕೊತ್ತಂಬರಿ ಬೆಳೆಯುತ್ತಿದ್ದಳು. ಅವಳಿಗೆ ಬೇಕಿದ್ದುದು ಒಂದು ಹಿತ್ತಲು, ಅಷ್ಟೇ. ಮೂರು ವರ್ಷ ಗೋಗರೆದ ಮೇಲೆ ಅಪ್ಪ, "ಅಷ್ಟ್ ದೂರದಿಂದ ಕಮ್ಯೂಟ್ ಮಾಡಿ ಸಾಯ್ತೀನಿ, ಆಗ್ಲಿ ನಡಿ" ಎಂದು ಒಂದು ಶನಿವಾರ ನಮ್ಮನ್ನು ಕಾರಿನಲ್ಲಿ ಪಶ್ಚಿಮದ ಹಳ್ಳಿಯೊಂದಕ್ಕೆ ಕರೆದೊಯ್ದ. ಗೋವಿನಜೋಳದ ಹೊಲಗಳ ನಡುವೆ ಒಂದು ಬಿಳಿ ಮನೆ. ಮಾರುತ್ತಿದ್ದವರು ಮುದುಕ-ಮುದುಕಿ. ಅವ್ವ ನೇರ ಹಿತ್ತಲಿಗೆ ಹೋದಳು. ಮುದುಕಿ ನಗುತ್ತಾ ಅಪ್ಪನಿಗೆ ಚಹಾದ ಕಪ್ ನೀಡಿದಳು. ಕೈಗೆ ಬ್ಯಾಂಡೇಜು! ಒಲೆ ತಾಗಿ ಸುಟ್ಟಿತ್ತಂತೆ, ಅದು ಆಮೇಲೆ ತಿಳಿದದ್ದು.

"ಡೋಂಟ್ ಡ್ರಿಂಕ್ ಇಟ್, ಅಪ್ಪಾ! ಶಿ ಈಸ್ ನಾಟ್ ಹ್ಯೂಮನ್!"

ನಾನು ತಳ್ಳಿದ ರಭಸಕ್ಕೆ ಚಹಾದ ಕಪ್ ಮುದುಕನ ಮಡಿಲಿಗೆ ಹಾರಿತು. ನಾನು ಕಾರಿಗೆ ಓಡಿ, ಬಾಗಿಲು ಲಾಕ್ ಮಾಡಿ, ಹಾರ್ನಿನ ಮೇಲೆ ಕುಳಿತೇಬಿಟ್ಟೆ. ಗದ್ದಲಕ್ಕೆ ಪಕ್ಕದ ಹಸುಗಳು ಬೇಲಿಗೆ ಬಂದು ಸಾಲಾಗಿ ನಿಂತು ನನ್ನನ್ನೇ ನೋಡತೊಡಗಿದವು. ಹಸುಗಳ ಮೈಯಲ್ಲೂ ಹೊಕ್ಕಿದೆ ಎಂದು ಇನ್ನಷ್ಟು ಒತ್ತಿದೆ. ಇಂಗ್ಲೆಂಡಿಗೇ ಕೇಳಿಸಿರಬೇಕು.

ಅವ್ವ ಹಿತ್ತಲಿನಿಂದ ನಿಧಾನವಾಗಿ ಬಂದಳು, ಬೆರಳಿಗೆಲ್ಲ ಮಣ್ಣು. ಅಪ್ಪ ಕಾರಿನ ಬಾಗಿಲು ತೆಗೆಸಿ ನನ್ನನ್ನು ಹೊಡೆಯಲು ಕೈ ಎತ್ತಿದ್ದ.

"ಬಿಡ್ರೀ, ಹುಡುಗಿ ಅಂಜತಾಳ. ಮುಂದ ನೋಡೋಣಂತ."

ಆ 'ಮುಂದ' ಬರಲೇ ಇಲ್ಲ. ಅಪ್ಪ ಮತ್ತೆ ಮಾತೆತ್ತಲಿಲ್ಲ, ಅವ್ವ ಕೇಳಲಿಲ್ಲ. ಕೊನೆಯವರೆಗೂ ಆ ನಾಲ್ಕು ಮಹಡಿ ಹತ್ತಿಳಿದಳು.

ಆದರೆ ಮರುವಾರದಿಂದ ಬೆಳ್ಳುಳ್ಳಿ ಸುಲಿಯುತ್ತಾ ಟೀವಿ ಮುಂದೆ ನನ್ನ ಪಕ್ಕ ಕೂರತೊಡಗಿದಳು. ಹಳ್ಳಿ ಬಂದ ಕೂಡಲೇ ನಾನು ಅವಳ ಸೆರಗಿನಲ್ಲಿ ಮುಖ ಹುದುಗಿಸುತ್ತಿದ್ದೆ.

"ದೆವ್ವ ಬಂತೇನ್ ಅವ್ವಾ?"

"ಇನ್ನೂ ಇಲ್ಲ. ಸುಮ್ಮನಿರು, ಹೊಲ ತೋರಸ್ಲಿಕ್ಕತ್ತಾರ. ಎಷ್ಟ ಹಸರ ಅದ ನೋಡು!"

"ಇಟ್ಸ್ ಬ್ಲ್ಯಾಕ್ ಅಂಡ್ ವೈಟ್, ಅವ್ವಾ!" ಎಂದು ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವಳು ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ.

ಮೊನ್ನೆ ಆ ಬೂದು ಗಾಜಿನ ಮುಂದೆ ನಾನೂ ಬಹಳ ಹೊತ್ತು ಕುಳಿತಿದ್ದೆ. ಹಸಿರು ಕಾಣಲಿಲ್ಲ.