ಚಾಂದಬಿ ಆರಿಸಿದ ರೊಟ್ಟಿ ಮಷೀನು

ನಿವೃತ್ತಿಗೆ ಇನ್ನೂ ಮೂರು ವರ್ಷವಿದ್ದಾಗ ನಾನು ಸಿಂದಗಿಯ ಹೊರವಲಯದಲ್ಲಿದ್ದ ಒಂದು ಆಹಾರ ಕಂಪನಿಯ ಘಟಕದಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೆ. ಜೋಳದ ಖಡಕ್ ರೊಟ್ಟಿ ಮಾಡಿಸಿ ಪುಣೆ, ಬೆಂಗಳೂರಿಗೆ ಕಳಿಸುವ ಕೆಲಸ. ರೊಟ್ಟಿ ಬಡಿಯುವವರು ಹದಿನಾಲ್ಕು ಮಂದಿ ಹೆಂಗಸರು. ಅವರಲ್ಲಿ ಹಿರಿಯರು, ದಿನಾ ಆಲಮೇಲದಿಂದ ಬಸ್ಸಿಗೆ ಬರುತ್ತಿದ್ದ ಚಾಂದಬಿ. ಬೇಡಿಕೆ ಏರಿದಾಗ, ಮಷೀನು ತರಿಸಿರಿ ಎಂದು ಹೆಡ್ ಆಫೀಸಿನಿಂದ ಪತ್ರ ಬಂತು. ಮಷೀನು ಬಂದ ಮೇಲೆ ಹೆಂಗಸರು ಐದೇ ಮಂದಿ ಸಾಕು ಎಂದೂ ಪತ್ರದಲ್ಲಿತ್ತು. ಆ ಸಾಲನ್ನು ನಾನು ಅವರಿಗೆ ಹೇಳಲಿಲ್ಲ.

ಯಂತ್ರವನ್ನು ಎಲ್ಲಿಂದ ತರಿಸಬೇಕೆಂದು ಕಂಪನಿಗಳು ಸುಮ್ಮನೆ ತೀರ್ಮಾನಿಸುವುದಿಲ್ಲ. ಗಂಟೆಗೆ ಎಷ್ಟು ಉತ್ಪಾದನೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟರೆ ರಿಪೇರಿಗೆ ಎಷ್ಟು ದಿನ ಎಂದು ನೋಡಿ ಒಬ್ಬೊಬ್ಬ ತಯಾರಕರಿಗೂ ಅಂಕ ಕೊಡುತ್ತಾರೆ. ಆಮೇಲೆ ಟ್ರಯಲ್, ಅಂದರೆ ಯಂತ್ರ ಓಡಿಸಿ ನೋಡುವುದು. ನನ್ನ ಪಟ್ಟಿಯಲ್ಲಿ ವಿದೇಶಿ ಯಂತ್ರಕ್ಕೆ ಮೊದಲ ಸ್ಥಾನ, ತಮಿಳುನಾಡಿನದಕ್ಕೆ ಎರಡನೆಯದು. ಸಿಂದಗಿಯದೇ ಒಂದು ವರ್ಕ್‌ಶಾಪಿನ ಮಾಲೀಕ ರಾಜೇಸಾಬನೂ ಅರ್ಜಿ ಹಾಕಿದ್ದ. ದೊಡ್ಡ ಕಂಪನಿಗೆ ಮಾಡಿಕೊಟ್ಟ ಅನುಭವವಿಲ್ಲ ಎಂದು ಅವನ ಹೆಸರನ್ನು ಹೊಡೆದುಹಾಕಿದೆ. ಆಗ ನನಗೆ ಇಂಗ್ಲಿಷ್ ಕ್ಯಾಟಲಾಗೆಂದರೆ ವೇದವಾಕ್ಯ!

ವಿದೇಶಿ ಯಂತ್ರದ ಟ್ರಯಲ್ ನೋಡಲು ಮುಂಬೈಗೆ ಹೊರಟ ದಿನ ಚಾಂದಬಿ ಗೇಟಿನ ಹತ್ತಿರ ತಡೆದರು.

“ಸಾಹೇಬ್ರ, ನಮ್ಮ ಹಿಟ್ಟು ಒಂದ್ ಚೀಲ ಒಯ್ರಿ.”

“ಅಲ್ಲೇ ಹಿಟ್ಟು ಇಟ್ಟಿರ್ತಾರ, ಬಿಡ್ರಿ ಚಾಂದಬೀ,” ಎಂದು ನಕ್ಕು ಕಾರು ಹತ್ತಿದೆ.

ಮುಂಬೈಯಲ್ಲಿ ರೊಟ್ಟಿ ದುಂಡಗೆ, ತೆಳ್ಳಗೆ ಬಂದವು. ಹಿಗ್ಗಿ ಶಿಫಾರಸು ಬರೆದೆ. ನಾಲ್ಕು ತಿಂಗಳಿಗೆ ಮಷೀನು ಬಂತು. ನಮ್ಮ ಬಿಳಿಜೋಳದ ಹಿಟ್ಟು ಹಾಕಿದ್ದೇ ತಡ, ಒಂದೊಂದು ರೊಟ್ಟಿಯೂ ಅಂಚಿನಲ್ಲಿ ಒಡೆಯತೊಡಗಿತು. ಒಂದು ವಾರ ಒದ್ದಾಡಿದ ಮೇಲೆ ತಯಾರಕರ ಎಂಜಿನಿಯರ್ ಬಾಯಿಬಿಟ್ಟ: ಟ್ರಯಲ್ ಹಿಟ್ಟಿನಲ್ಲಿ ಮೈದಾ ಬೆರೆಸಿದ್ದರಂತೆ. ನೀವೂ ಬೆರೆಸಿಬಿಡಿ ಎಂದ.

ಚಾಂದಬಿಗೆ ಸಿಟ್ಟು ಬಂತು. “ಮೈದಾ ಹಾಕಿ ಜ್ವಾಳದ ರೊಟ್ಟಿ ಅಂತ ಹೆಂಗ ಮಾರ್ತೀರಿ? ಈ ಮಷೀನು ತಣ್ಣೀರಾಗ ಕಲಸ್ತೈತಿ. ಜ್ವಾಳಕ್ಕ ಕುದಿಯೋ ಎಸರು ಬೇಕ್ರಿ. ಇಲ್ಲಾಂದ್ರ ಹಿಟ್ಟಿಗೆ ಜಿಗಿ ಎಲ್ಲಿಂದ ಬರ್ತೈತಿ?”

ಥೂ ನನ್ನ ಬುದ್ಧಿಗಿಷ್ಟು! ಬಸವನ ಬಾಗೇವಾಡಿಯ ಮನೆಯಲ್ಲಿ ನಮ್ಮವ್ವ ದಿನಾ ಎಸರಿಟ್ಟು ಹಿಟ್ಟು ನಾದುವುದನ್ನು ನೋಡಿಯೇ ಬೆಳೆದವನು ನಾನು. ತಪ್ಪು ನನ್ನದೆಂದು ಹೆಡ್ ಆಫೀಸಿಗೆ ಬರೆದೆ. ಯಂತ್ರ ವಾಪಸು ಹೋಯಿತು. ಇನ್ನೊಂದು ಸಲ ತಪ್ಪಿದರೆ ಘಟಕವನ್ನೇ ಮುಚ್ಚುತ್ತೇವೆ ಎಂಬ ಉತ್ತರ ಬಂತು.

ತಮಿಳುನಾಡಿನದೂ ತಣ್ಣೀರಿನ ಮಷೀನೇ ಎಂದು ಫೋನಿನಲ್ಲೇ ಗೊತ್ತಾಯಿತು. ಉಳಿದವನು ರಾಜೇಸಾಬ. ಅಂದೇ ಬೀಸಿಸಿದ ಹಿಟ್ಟು ಹೊತ್ತು, ಚಾಂದಬಿಯನ್ನು ಕರೆದುಕೊಂಡು ಅವನ ವರ್ಕ್‌ಶಾಪಿಗೆ ಹೋದೆ. ಅವರು ಹೇಳಿದಂತೆ ಅವನು ನೀರು ಕುದಿಸುವ ಟ್ಯಾಂಕು ಕೂಡಿಸಿದ, ಒತ್ತುವ ತಟ್ಟೆಗಳನ್ನು ಎರಡು ಸಲ ಬದಲಿಸಿದ. ಹನ್ನೊಂದನೆಯ ದಿನ ಒಂದೂ ಒಡೆಯದ ರೊಟ್ಟಿಗಳು ಸಾಲಾಗಿ ಇಳಿದವು. ನಾನು ಚಪ್ಪಾಳೆ ಹೊಡೆದೆ. ಚಾಂದಬಿ ಒಂದು ರೊಟ್ಟಿ ಮುರಿದು ತಿಂದರು.

“ಸಾಹೇಬ್ರ, ಇದು ಬಂದ್ರ ನಮ್ಮ ಮಂದ್ಯಾಗ ಎಷ್ಟ ಜನ ಉಳೀತಾರ್ರಿ?”

“ಐದು,” ಎಂದೆ.

“ಬರಲಿಲ್ಲಂದ್ರ?”

“ಒಬ್ಬರೂ ಇಲ್ಲ.”

ಅವರು ಸೆರಗಿನಿಂದ ಕೈ ಒರೆಸಿಕೊಂಡರು. “ಮಷೀನು ಚಲೋ ಐತ್ರಿ. ತರಿಸ್ರಿ.”

ಆ ಐವರು ಯಾರೆಂದು ಆರಿಸುವ ಧೈರ್ಯ ನನಗಿರಲಿಲ್ಲ. ಹೇಡಿಯಂತೆ ಅದನ್ನೂ ಚಾಂದಬಿಯ ಮೇಲೆಯೇ ಹಾಕಿದೆ. ಮರುದಿನ ಬಂದು, ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲದ ಐವರ ಹೆಸರು ಹೇಳಿದರು.

“ನಿಮ್ಮ ಹೆಸರು?” ಎಂದೆ.

“ನಮ್ಮ ಮನ್ಯಾಗ ಮಗ ದುಡೀತಾನ್ರಿ,” ಎಂದು ಎದ್ದರು.

ಮಷೀನು ಈಗಲೂ ಓಡುತ್ತಿದೆ. ತಂತ್ರಜ್ಞಾನ ಎಲ್ಲಿಂದ ತರಬೇಕೆಂದು ಯಾರಾದರೂ ಕೇಳಿದರೆ, ನಿಮ್ಮ ಹಿಟ್ಟು ಒಯ್ಯಿರಿ, ಅದನ್ನು ನಾದಿದವರನ್ನೂ ಒಯ್ಯಿರಿ ಎನ್ನುತ್ತೇನೆ. ಎಲ್ಲರೂ ತಲೆದೂಗುತ್ತಾರೆ. ಆದರೆ ನನ್ನ ಎದೆಯಲ್ಲಿ ಚುಚ್ಚುವ ಮಾತು ಬೇರೆ. ಮಷೀನು ಆರಿಸಲು ಬೇಕಾದ ಹೆಂಗಸು ಅದನ್ನು ನಡೆಸಲೂ ಬೇಕು, ಆರನೆಯವರಾಗಿ ಇವರನ್ನು ಉಳಿಸಿಕೊಳ್ಳಿ ಎಂದು ಹೆಡ್ ಆಫೀಸಿಗೆ ನಾನೊಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ.